ಬುಗುರಿ ಜುಮುಕಿಯಾದ ಬಗೆ

ಚನ್ನಪಟ್ಟಣವೆಂದೊಡನೆ ನಮಗೆ ನೆನಪಾಗುವುದು ಬಣ್ಣದ ಬುಗುರಿ, ಗಿಲಕಿ, ತಲೆಯಾಡಿಸುವ ಗೊಂಬೆ. ಈಚಿನ ವರ್ಷಗಳಲ್ಲಿ ಅದೇ ಊರಿನ ಕುಶಲಕರ್ಮಿಗಳ ಕೈಯಿಂದ ಹಳದಿ-ಕೆಂಪು ಪಟ್ಟೆಯ ಮರದ ಬಳೆ, ನೆಲ್ಲಿಕಾಯಿ ಗಾತ್ರದ ಮಣಿಗಳ ಸರ, ಪುಟ್ಟ ಆಟಿಕೆಯಂತಹ ಓಲೆಗಳೂ ಹೊರಬರುತ್ತಿವೆ. ಇವುಗಳಿಗೆ ಚಿನ್ನದ ಗಾಂಭೀರ್ಯವಿಲ್ಲ. ಆದರೆ ನೋಡಿದವರ ಮುಖದಲ್ಲಿ ಸಣ್ಣ ನಗುವನ್ನು ಮೂಡಿಸುವ ಗುಣವಿದೆ. ಆಟಿಕೆಯ ಊರು ಒಡವೆಗೆ ಕೈಹಾಕಿದ್ದು ಹೇಗೆ?

ಉತ್ತರವಿರುವುದು ಅಲ್ಲಿನ ಕುಸುರಿಯ ಮೂಲಸಾಧನವಾದ ಲೇತ್‌ನಲ್ಲಿ. ತಿರುಗುವ ಮರದ ತುಂಡಿಗೆ ಉಳಿ ಹಿಡಿದಾಗ ಮೂಡುವುದು ದುಂಡನೆಯ ಆಕಾರವೇ. ಚನ್ನಪಟ್ಟಣದ ಗೊಂಬೆಯ ತಲೆ, ಹೊಟ್ಟೆ, ಬಂಡಿಯ ಗಾಲಿ ಎಲ್ಲವೂ ದುಂಡಗಿರುವುದು ಇದರಿಂದಲೇ. ಮಣಿ, ಬಳೆಗಳೂ ದುಂಡಗಿನವೇ ಆದ್ದರಿಂದ ಒಡವೆ ಮಾಡಲು ಕುಶಲಕರ್ಮಿ ಹೊಸ ವಿದ್ಯೆ ಕಲಿಯಬೇಕಾಗಲಿಲ್ಲ. ಬುಗುರಿಯನ್ನು ತಲೆಕೆಳಗು ಮಾಡಿದರೆ ಜುಮುಕಿಯ ಆಕಾರ ತಾನಾಗಿ ಸಿದ್ಧ!

ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಿಗಳನ್ನು ಕರೆಸಿ ಇಲ್ಲಿಯವರಿಗೆ ಈ ವಿದ್ಯೆಯನ್ನು ಕಲಿಸಿದನೆಂಬುದು ಪ್ರತೀತಿ. 20ನೇ ಶತಮಾನದ ಆರಂಭದಲ್ಲಿ ಜಪಾನಿನ ತಂತ್ರವನ್ನು ಅಳವಡಿಸಿ ಕಸುಬಿಗೆ ಹೊಸ ರೂಪ ಕೊಟ್ಟವರೆಂದು ಬಾವಾಸ್ ಮಿಯಾನ್ ಅವರನ್ನು ಊರು ಸ್ಮರಿಸುತ್ತದೆ. 2005–06ರ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಮಣಿ ತಯಾರಾಗುವ ಬಗೆ ನೋಡಲು ಬಲು ಸೊಗಸು. ಬೇಕಾದ ಮರ ಆಲೆ. ಬಿಳುಪಾದ, ನಯವಾದ ಈ ಮರವನ್ನು ಒಣಗಿಸಿ, ತುಂಡರಿಸಿ, ಲೇತ್‌ಗೆ ಕಚ್ಚಿಸುತ್ತಾರೆ. ಉಳಿಯಿಂದ ಆಕಾರ ಕೊಟ್ಟ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದಿಂದ ಹುಟ್ಟುವ ಶಾಖಕ್ಕೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಇಲ್ಲಿ ಕುಂಚಕ್ಕೆ ಕೆಲಸವಿಲ್ಲ. ಬಳಿಕ ಕೇದಗೆ ಜಾತಿಯ ಗಿಡದ ಒಣಗರಿಯನ್ನು ಒತ್ತಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ.

ಈ ಅರಗು ನಮಗೆ ಮಹಾಭಾರತದಿಂದಲೇ ಪರಿಚಿತ. ಪಾಂಡವರನ್ನು ಸುಡಲು ಕಟ್ಟಿಸಿದ್ದು ಅರಗಿನ ಮನೆಯನ್ನೇ ಅಲ್ಲವೇ? ಮುತ್ತುಗ ಮೊದಲಾದ ಮರಗಳ ರೆಂಬೆಗಳಲ್ಲಿ ನೆಲೆಸುವ ಸಣ್ಣ ಕೀಟಗಳು ಒಸರುವ ರಾಳ ಇದು. ಇದಕ್ಕೆ ಅರಿಸಿನ, ನೀಲಿ ಮುಂತಾದ ಸಸ್ಯಜನ್ಯ ಬಣ್ಣಗಳನ್ನು ಬೆರೆಸುವ ಪದ್ಧತಿಯೂ ಉಂಟು. ಮಗು ಬಾಯಿಗಿಟ್ಟರೂ ಅಪಾಯವಾಗಬಾರದೆಂಬ ಆಟಿಕೆಯ ಈ ಶಿಸ್ತು ಒಡವೆಗೂ ಒಳ್ಳೆಯದೇ.

ಒಡವೆಯತ್ತ ಹೊರಳಲು ಬದುಕಿನ ಒತ್ತಡವೂ ಇತ್ತು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಮರದ ಗೊಂಬೆಯ ಮಾರುಕಟ್ಟೆಯನ್ನು ಕಸಿದವು. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದಾಗ ಇನ್ನೊಂದು ಪೆಟ್ಟು ಬಿತ್ತು. ಹೊಸ ರಸ್ತೆ ಊರನ್ನು ಬಳಸಿ ಸಾಗುತ್ತದೆ. ಹಳೆಯ ರಸ್ತೆಯಲ್ಲಿ ಗೊಂಬೆ ಕಂಡೊಡನೆ ಕಾರು ನಿಲ್ಲಿಸುತ್ತಿದ್ದ ಗಿರಾಕಿಗಳು ಈಗ ಊರಿನ ಮುಖ ನೋಡದೆಯೇ ಮೈಸೂರು ತಲುಪುತ್ತಾರೆ. ಗಿರಾಕಿ ಬಾರದಿದ್ದರೆ ಸರಕೇ ಅವರ ಬಳಿಗೆ ಹೋಗಬೇಕು. ಮಣಿಸರ ಹಗುರ, ಲಕೋಟೆಯಲ್ಲೇ ಹಿಡಿಸುತ್ತದೆ. ಮರವೂ ಕಡಿಮೆ ಸಾಕು, ಗೊಂಬೆ ಕಡೆದು ಉಳಿದ ಚೂರೂ ಮಣಿಯಾದೀತು. ಮಕ್ಕಳಿಲ್ಲದ ಮನೆಯವರೂ ಓಲೆ ಕೊಂಡಾರು.

ಕೊಳ್ಳುವವರು ಕೆಲವು ಸಂಗತಿಗಳನ್ನು ಗಮನಿಸುವುದು ಲೇಸು. ಅರಗಿನ ಮಣಿಯ ಮೇಲೆ ಕುಂಚದ ಗೆರೆಯಿರದು, ಪೇಂಟಿನ ಘಾಟು ಬಾರದು. ಪಟ್ಟೆಗಳ ಅಂಚು ದಾರ ಹಿಡಿದಂತೆ ನೇರವಾಗಿರುತ್ತದೆ. ರಂಧ್ರದೊಳಗೆ ಇಣುಕಿದರೆ ಬರಿಯ ಮರ ಕಾಣಬೇಕು. ಅರಗು ಸ್ಪಿರಿಟ್‌ನಲ್ಲಿ ಕರಗುವ ವಸ್ತುವಾದ್ದರಿಂದ ಸೆಂಟು, ಸ್ಯಾನಿಟೈಸರ್ ತಾಗಿಸಬಾರದು. ಬಿಸಿಲಿನಲ್ಲಿ ಕಾದ ಕಾರಿನೊಳಗೆ ಬಿಡಲೂಬಾರದು. ಒಣಬಟ್ಟೆಯಲ್ಲಿ ಒರೆಸಿಟ್ಟರೆ ವರ್ಷಗಟ್ಟಲೆ ಹೊಳಪು ಉಳಿಯುತ್ತದೆ.

ಸರವನ್ನು ತಾವೇ ಪೋಣಿಸಬಯಸುವವರಿಗೆ ಬಿಡಿ ಮಣಿಗಳೂ ಸಿಗುತ್ತವೆ. ದೊಡ್ಡ ಮಣಿ ನಡುವೆ, ಸಣ್ಣವು ಇಕ್ಕೆಲಗಳಲ್ಲಿ. ಗಟ್ಟಿ ಹತ್ತಿದಾರದಲ್ಲಿ ಎರಡು ಮಣಿಗಳ ನಡುವೆ ಒಂದೊಂದು ಗಂಟು ಹಾಕಿದರೆ ಒಂದಕ್ಕೊಂದು ತಿಕ್ಕಿ ಬಣ್ಣ ಸವೆಯುವುದಿಲ್ಲ. ಬಣ್ಣ ಹೊಂದಿಸುವ ಕೆಲಸವನ್ನು ಮನೆಯ ಮಕ್ಕಳಿಗೇ ಬಿಡಬಹುದು. ಮಣಿಗಳನ್ನು ಕೈಯಾರೆ ಆರಿಸಬೇಕೆಂದಿದ್ದರೆ ಮಾತ್ರ ಹೊಸ ರಸ್ತೆ ಬಿಟ್ಟು, ಹಳೆಯ ಮೈಸೂರು ರಸ್ತೆಯಲ್ಲಿ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ಸಾಗಬೇಕು. ಅರ್ಧ ಗಂಟೆ ತಡವಾದೀತು. ಆದರೆ ಅಂಗಡಿಯವನಿಗೆ ಒಂದು ವ್ಯಾಪಾರವಾದೀತು, ಲೇತ್ ಇನ್ನಷ್ಟು ಹೊತ್ತು ತಿರುಗೀತು.