ಕೊರೆತದ ಫಲಿತಾಂಶವನ್ನು ಪರಿಶೀಲಿಸುವ ಬಗೆ: ಬುಸಾಂಗಿನ ನಿದರ್ಶನ

ಚಿನ್ನವನ್ನು ಹುಡುಕುವುದನ್ನೇ ಕಸುಬಾಗಿ ಉಳ್ಳ ಸಣ್ಣ ಸಂಸ್ಥೆಗೆ ಸ್ವಂತ ಗಣಿಯಿಲ್ಲ. ಆದಕಾರಣ ವರಮಾನವೂ ಇಲ್ಲ. ಷೇರು ಮಾರಿ ಬಂದ ಹಣದಿಂದ ಅದು ನೆಲವನ್ನು ಕೊರೆಯುತ್ತದೆ. ಕೊರೆತದ ಫಲಿತಾಂಶವನ್ನು ಪ್ರಕಟಿಸಿ ಮತ್ತಷ್ಟು ಷೇರು ಮಾರುತ್ತದೆ. ಅದು ಪ್ರಕಟಿಸುವ ಅಂಕೆಗಳು ವೈಜ್ಞಾನಿಕ ವರದಿಯೂ ಹೌದು, ಅದರ ಜೀವನೋಪಾಯವೂ ಹೌದು. ಇಂಥ ಅಂಕೆಗಳನ್ನು ಓದುವ ಕ್ರಮವನ್ನು ಭೂವಿಜ್ಞಾನದ ವಿದ್ಯಾರ್ಥಿಗಳು ಅರಿತಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

‘40 ಮೀಟರ್ ಉದ್ದಕ್ಕೆ ಟನ್ನಿಗೆ 2 ಗ್ರಾಂ ಚಿನ್ನ’ ಎಂಬ ಪ್ರಕಟಣೆಯನ್ನು ತೆಗೆದುಕೊಳ್ಳೋಣ. ಇದರಲ್ಲಿ ಒಂದೇ ಒಂದು ಮೀಟರಿನಲ್ಲಿ ಟನ್ನಿಗೆ 60 ಗ್ರಾಂ ಇದ್ದು, ಉಳಿದ 39 ಮೀಟರುಗಳಲ್ಲಿ ಅರ್ಧ ಗ್ರಾಂ ಇದ್ದರೂ ಸರಾಸರಿ ಹೆಚ್ಚುಕಡಮೆ ಅಷ್ಟೇ ಬರುತ್ತದೆ. ಅಗೆಯುವವನಿಗಾದರೋ ಎರಡಕ್ಕೂ ಅಜಗಜಾಂತರ. ಇದಲ್ಲದೆ ಆ 40 ಮೀಟರ್ ಎಂಬುದು ರಂಧ್ರದ ಉದ್ದ. ರಂಧ್ರವು ಅದಿರಿನ ಪದರವನ್ನು 30 ಡಿಗ್ರಿ ಕೋನದಲ್ಲಿ ಸಂಧಿಸಿದ್ದರೆ ಪದರದ ನಿಜವಾದ ದಪ್ಪ 20 ಮೀಟರ್ ಮಾತ್ರ. ರಂಧ್ರಗಳನ್ನು ದೂರದೂರಕ್ಕೆ ಕೊರೆದರೆ ನಿಕ್ಷೇಪದ ಗಾತ್ರ ಕಾಗದದ ಮೇಲೆ ಬೇಗ ಬೆಳೆಯುತ್ತದೆ. ಹತ್ತಿರಹತ್ತಿರ ಕೊರೆದರೆ ನಿಶ್ಚಯ ಬೆಳೆಯುತ್ತದೆ. ಷೇರುಪೇಟೆಗೆ ಮೊದಲನೆಯದೇ ಪ್ರಿಯವೆಂದು ಬೇರೆ ಹೇಳಬೇಕಾಗಿಲ್ಲ.

ಇವೆಲ್ಲವೂ ಪ್ರಾಮಾಣಿಕವಾದ ಅಂಕೆಗಳ ವಿಷಯದಲ್ಲಿ ವಹಿಸತಕ್ಕ ಎಚ್ಚರ. ಅಂಕೆಗಳಿಗೆ ಆಧಾರವಾದ ಮಾದರಿಯೇ ಶುದ್ಧವೇ ಎಂಬುದು ಇದಕ್ಕಿಂತ ಮೊದಲಿನ ಪ್ರಶ್ನೆ. ಇಂಡೊನೇಷ್ಯಕ್ಕೆ ಸೇರಿದ ಬೋರ್ನಿಯೋ ದ್ವೀಪದ ಬುಸಾಂಗ್ ಈ ಪ್ರಶ್ನೆಗೆ ಬಹು ಬೋಧಪ್ರದವಾದ ನಿದರ್ಶನ. ಕೆನಡಾದ ಬ್ರೀ-ಎಕ್ಸ್ ಎಂಬ ಸಣ್ಣ ಸಂಸ್ಥೆ 1993ರಲ್ಲಿ ಈ ಪ್ರದೇಶವನ್ನು ವಹಿಸಿಕೊಂಡಿತು. 1997ರ ಫೆಬ್ರವರಿಯ ವೇಳೆಗೆ ಅದು ಘೋಷಿಸಿದ ನಿಕ್ಷೇಪ ಸುಮಾರು 710 ಲಕ್ಷ ಔನ್ಸು, ಎಂದರೆ 2,200 ಟನ್. ನಮ್ಮ ಕೋಲಾರದ ಗಣಿಗಳು 2001ರಲ್ಲಿ ಮುಚ್ಚುವವರೆಗೆ ಸುಮಾರು 120 ವರ್ಷಗಳಲ್ಲಿ ಕೊಟ್ಟ ಚಿನ್ನ 800 ಟನ್ನಿನ ಆಸುಪಾಸು ಎಂಬುದನ್ನು ನೆನೆದರೆ ಈ ಘೋಷಣೆಯ ಗಾತ್ರ ತಿಳಿದೀತು.

ರಂಧ್ರದಿಂದ ಬರುವ ಕಲ್ಲಿನ ದಿಂಡನ್ನು ‘ಕೋರ್’ ಎನ್ನುವರು. ಅದನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳುಹಿಸಿ, ಉಳಿದರ್ಧವನ್ನು ಪೆಟ್ಟಿಗೆಯಲ್ಲಿ ಕಾದಿಡುವುದು ರೂಢಿ. ಸಂದೇಹ ಬಂದಾಗ ಆ ಅರ್ಧವೇ ಸಾಕ್ಷಿ. ಬುಸಾಂಗಿನಲ್ಲಿ ಅಲ್ಲಲ್ಲಿ ಚಿಕ್ಕ ತುಂಡುಗಳನ್ನು ಮಾತ್ರ ಉಳಿಸಿ, ಮಿಕ್ಕ ದಿಂಡನ್ನೆಲ್ಲ ಪುಡಿಮಾಡಿಸಿದರು. ಚಿನ್ನ ಕಲ್ಲಿನಲ್ಲಿ ಸಮನಾಗಿ ಹರಡಿಲ್ಲವಾದ್ದರಿಂದ ಮಾದರಿ ದೊಡ್ಡದಿರಬೇಕೆಂಬುದು ಅವರು ಕೊಟ್ಟ ಸಮಾಧಾನ. ಈ ಮಾತು ಶಾಸ್ತ್ರಕ್ಕೆ ಪೂರಾ ವಿರುದ್ಧವೇನಲ್ಲ. ಆದರೆ ಅದನ್ನು ಒಪ್ಪಿದೊಡನೆ ಸಾಕ್ಷಿ ಇಲ್ಲವಾಗುತ್ತದೆ. ಕೆಲವು ರಂಧ್ರಗಳ ಮಟ್ಟಿಗಾದರೂ ಅರ್ಧ ದಿಂಡನ್ನು ಕಾದಿಡಬಹುದಾಗಿತ್ತು.

ಫಲಿತಾಂಶಗಳನ್ನು ಬೇರೆ ಪರೀಕ್ಷಾಲಯಗಳಲ್ಲಿ ತಾಳೆ ನೋಡಲಿಲ್ಲವೇ ಎಂದು ವಾಚಕರು ಕೇಳಬಹುದು. ನೋಡಿದ್ದರು, ತಾಳೆಯೂ ಆಗಿತ್ತು. ಹೊರಗಿನ ಚಿನ್ನ ಬೆರೆತದ್ದು ಮಾದರಿ ಪರೀಕ್ಷಾಲಯವನ್ನು ಸೇರುವುದಕ್ಕೆ ಮೊದಲು. ಅದೇ ಪುಡಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ರಸಾಯನಜ್ಞನ ಕೈಚಳಕ ರುಜುವಾತಾಗುವುದೇ ಹೊರತು ಕಲ್ಲಿನಲ್ಲಿ ಚಿನ್ನವಿತ್ತೆಂಬುದಲ್ಲ. ಸೂಕ್ಷ್ಮದರ್ಶಕವಾದರೋ ಬೇರೆಯೇ ಕಥೆ ಹೇಳಿತು. ಪುಡಿಯಲ್ಲಿದ್ದ ಚಿನ್ನದ ಕಣಗಳು ಹೊಳೆಯಲ್ಲಿ ಉರುಳಿ ಬಂದವುಗಳಂತೆ ಅಂಚು ಸವೆದು ದುಂಡಗಾಗಿದ್ದವು. ಗಟ್ಟಿಬಂಡೆಯೊಳಗೆ ಹುದುಗಿದ್ದ ಕಣ ಹಾಗೆ ಸವೆಯಲಾರದು.

ಪಾಲುದಾರಿಕೆಗೆ ಮುಂದಾಗಿದ್ದ ಅಮೆರಿಕದ ಫ್ರೀಪೋರ್ಟ್ ಸಂಸ್ಥೆ ತಾನೇ ಏಳು ರಂಧ್ರಗಳನ್ನು ಕೊರೆದು ನೋಡಿತು. ಅವುಗಳಲ್ಲಿ ಸಿಕ್ಕಿದ ಚಿನ್ನ ಗಣನೆಗೆ ಬಾರದಷ್ಟೆಂದು 1997ರ ಮಾರ್ಚ್ 26ರಂದು ಪ್ರಕಟವಾಯಿತು. ಮೇ ತಿಂಗಳಲ್ಲಿ ಸ್ಟ್ರಾತ್‌ಕೋನಾ ಎಂಬ ಸ್ವತಂತ್ರ ಪರಿಶೀಲಕ ಸಂಸ್ಥೆಯ ವರದಿಯೂ ಮಾದರಿಗಳನ್ನು ಕೆಡಿಸಲಾಗಿದೆಯೆಂದೇ ತೀರ್ಮಾನಿಸಿತು. ಒಂದು ಕಾಲಕ್ಕೆ 600 ಕೋಟಿ ಕೆನಡಾ ಡಾಲರಿಗೂ ಮೀರಿ ಬೆಲೆಬಾಳುತ್ತಿದ್ದ ಷೇರುಗಳು ಬರಿಯ ಕಾಗದವಾದುವು. 2001ರಲ್ಲಿ ಕೆನಡಾ ಜಾರಿಗೆ ತಂದ ನಿಯಮದ ಪ್ರಕಾರ ನಿಕ್ಷೇಪದ ವರದಿಗೆ ಅರ್ಹ ತಜ್ಞನೊಬ್ಬನು ಹೆಸರಿಟ್ಟು ಹೊಣೆಯಾಗಬೇಕು. ಮಾದರಿಯನ್ನು ಹೇಗೆ ತೆಗೆದರು, ಹೇಗೆ ಕಾಪಾಡಿದರು, ಹೇಗೆ ಪರಿಶೀಲಿಸಿದರು ಎಂಬುದನ್ನೂ ವರದಿಯಲ್ಲಿ ತಿಳಿಸಬೇಕು.