ಹಾಡು ಕೊಂಡವನದು, ಕೀಲಿಕೈ ಮಾರಿದವನದು

ಗ್ರಾಮಫೋನ್ ತಟ್ಟೆಯ ಕಾಲದಿಂದ ಸಿ.ಡಿ.ಗಳ ಕಾಲದವರೆಗೆ ಸಂಗೀತದ ಖರೀದಿ ಎಂಬುದು ಪಾತ್ರೆಪಡಗದ ಖರೀದಿಗಿಂತ ಬೇರೆಯಾದ ವ್ಯವಹಾರವಾಗಿರಲಿಲ್ಲ. ಹಣ ತೆತ್ತು ತಂದ ಕ್ಯಾಸೆಟ್ಟು ತಂದವರ ಸೊತ್ತಾಗುತ್ತಿತ್ತು. ಅದನ್ನು ಯಾವ ಕಂಪನಿಯ ಟೇಪ್ ರೆಕಾರ್ಡರಿನಲ್ಲಿ ಬೇಕಾದರೂ ಹಾಕಿ ಕೇಳಬಹುದಿತ್ತು, ನೆರೆಯವರಿಗೆ ಎರವಲು ಕೊಡಬಹುದಿತ್ತು, ಬೇಡವೆನಿಸಿದಾಗ ಮಾರಲೂಬಹುದಿತ್ತು, ಮತ್ತು ಅದನ್ನು ಹೊರತಂದ ಕಂಪನಿ ಬಾಗಿಲು ಮುಚ್ಚಿದರೂ ಹಾಡು ನಿಲ್ಲುತ್ತಿರಲಿಲ್ಲ. ರಾಗಸಂಯೋಜನೆ, ಸಾಹಿತ್ಯ ಮತ್ತು ಧ್ವನಿಮುದ್ರಣದ ಮೇಲಿನ ಕೃತಿಸ್ವಾಮ್ಯ ಅವುಗಳ ಹಕ್ಕುದಾರರಲ್ಲೇ ಉಳಿಯುತ್ತಿತ್ತಾದರೂ, ಕೈಯಲ್ಲಿರುವ ವಸ್ತುವಿನ ಒಡೆತನ ಕೊಂಡವರದೇ ಎಂಬ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಾಡು ಕಂಪ್ಯೂಟರಿನ ಕಡತವಾಗಿ ಮಾರಾಟಕ್ಕೆ ಬಂದ ಮೇಲೆ ಈ ತಿಳಿವಳಿಕೆ ಸಡಿಲವಾಯಿತು, ಮತ್ತು ಕೊಳ್ಳುವವರು ತಾವು ಕೊಂಡೆವೆಂದು ತಿಳಿದದ್ದಕ್ಕೂ ಮಾರುವವರು ತಾವು ಮಾರಿದೆವೆಂದು ಹೇಳುವುದಕ್ಕೂ ನಡುವೆ ದೊಡ್ಡ ಅಂತರ ಬೆಳೆಯಿತು.

ಈ ಅಂತರಕ್ಕೆ ಕಾರಣವಾದ ತಂತ್ರಕ್ಕೆ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಅಂದರೆ ಡಿಜಿಟಲ್ ಹಕ್ಕುಗಳ ನಿರ್ವಹಣೆ ಎಂದು ಹೆಸರು, ಚಿಕ್ಕದಾಗಿ ಡಿ.ಆರ್.ಎಂ. ಎನ್ನುತ್ತಾರೆ. ಇದರಲ್ಲಿ ಹಾಡಿನ ಕಡತವನ್ನು ಗಣಿತದ ಸೂತ್ರದಿಂದ ಕಲಸಿ ಗೂಢಲಿಪಿಯಾಗಿ ಮಾರ್ಪಡಿಸಲಾಗುತ್ತದೆ, ಮತ್ತು ಅದನ್ನು ಮತ್ತೆ ಹಾಡಾಗಿಸಲು ಬೇಕಾದ ಕೀಲಿಕೈ, ಅಂದರೆ ಒಂದು ಉದ್ದನೆಯ ರಹಸ್ಯ ಸಂಖ್ಯೆ, ಮಾರಾಟಗಾರರ ಸರ್ವರಿನಿಂದ ಕೊಂಡವರ ಸಾಧನಕ್ಕೆ ಕೆಲವು ಷರತ್ತುಗಳೊಂದಿಗೆ ಬರುತ್ತದೆ. ಎಷ್ಟು ಕಂಪ್ಯೂಟರುಗಳಲ್ಲಿ ಕೇಳಬಹುದು, ಸಿ.ಡಿ.ಗೆ ಎಷ್ಟು ಬಾರಿ ಇಳಿಸಿಕೊಳ್ಳಬಹುದು, ಯಾವ ದಿನಾಂಕದವರೆಗೆ ಕೇಳಬಹುದು ಎಂಬುದನ್ನೆಲ್ಲ ಆ ಷರತ್ತುಗಳೇ ನಿರ್ಧರಿಸುತ್ತವೆ. ಸ್ವತಂತ್ರ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಇದನ್ನು ಹಕ್ಕುಗಳ ನಿರ್ವಹಣೆ ಎಂದು ಕರೆಯಲು ಒಪ್ಪದೆ ನಿರ್ಬಂಧಗಳ ನಿರ್ವಹಣೆ ಎನ್ನುತ್ತಾರೆ. ಕೇಳುಗನ ಕಡೆಯಿಂದ ನೋಡಿದರೆ ಈ ಎರಡನೆಯ ಹೆಸರೇ ಹೆಚ್ಚು ಸರಿ ಎನಿಸುತ್ತದೆ.

ನಕಲಿನ ಬಗ್ಗೆ ಧ್ವನಿಮುದ್ರಣ ಕಂಪನಿಗಳಿಗಿದ್ದ ಭಯಕ್ಕೆ ಆಧಾರವಿರಲಿಲ್ಲ ಎನ್ನುವಂತಿಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಯಾವ ಬೀಗವೂ ಇರಲಿಲ್ಲ, ಏಕೆಂದರೆ ಅದರಲ್ಲಿದ್ದಷ್ಟು ಮಾಹಿತಿಯನ್ನು ನಕಲು ಮಾಡಿ ಇಟ್ಟುಕೊಳ್ಳುವ ಸಾಮರ್ಥ್ಯ ಅಂದಿನ ಮನೆಯ ಕಂಪ್ಯೂಟರುಗಳಿಗೆ ಇರಲಿಲ್ಲ. ಮುಂದಿನ ದಶಕದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಮುಖ್ಯ ಪಾತ್ರ ವಹಿಸಿ ರೂಪಿಸಿದ ಎಂ.ಪಿ.3 ವಿಧಾನವು, ಮನುಷ್ಯರ ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ಬಿಟ್ಟುಬಿಡುವ ಮೂಲಕ ಹಾಡಿನ ಗಾತ್ರವನ್ನು ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಎಂಬ ಸೇವೆ ಇಂಥ ಕಡತಗಳನ್ನು ಜನರು ಪರಸ್ಪರ ಹಂಚಿಕೊಳ್ಳಲು ದಾರಿ ಮಾಡಿಕೊಟ್ಟಿತು, ಮತ್ತು ಧ್ವನಿಮುದ್ರಣ ಕಂಪನಿಗಳು ಹೂಡಿದ ಮೊಕದ್ದಮೆಯಿಂದಾಗಿ 2001ರಲ್ಲಿ ಅದು ಮುಚ್ಚಿಹೋಗುವ ವೇಳೆಗೆ ಹಾಡೆಂದರೆ ಪುಕ್ಕಟೆಯಾಗಿ ಸಿಗುವ ವಸ್ತುವೆಂಬ ರೂಢಿ ಬೆಳೆದಿತ್ತು. ಅಷ್ಟರಲ್ಲಿ ಕಾನೂನೂ ಸಿದ್ಧವಾಗಿತ್ತು: ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ 1996ರ ಒಪ್ಪಂದಗಳನ್ನು ಅನುಸರಿಸಿ ಅಮೆರಿಕ 1998ರಲ್ಲಿ ತಂದ ಶಾಸನವು ನಕಲು ಮಾಡುವುದನ್ನಷ್ಟೇ ಅಲ್ಲದೆ ಡಿಜಿಟಲ್ ಬೀಗವನ್ನು ಮುರಿಯುವುದನ್ನೂ ಪ್ರತ್ಯೇಕ ಅಪರಾಧವನ್ನಾಗಿ ಮಾಡಿತ್ತು.

ಆ್ಯಪಲ್ ಕಂಪನಿ 2003ರ ಏಪ್ರಿಲ್‌ನಲ್ಲಿ ಒಂದು ಹಾಡಿಗೆ 99 ಸೆಂಟ್ ಬೆಲೆಯಿಟ್ಟು ಐಟ್ಯೂನ್ಸ್ ಮಳಿಗೆಯನ್ನು ತೆರೆದಾಗ, ದೊಡ್ಡ ಕಂಪನಿಗಳು ತಮ್ಮ ಹಾಡುಗಳನ್ನು ಅಲ್ಲಿ ಮಾರಲು ಒಪ್ಪಿದ್ದು ಫೇರ್‌ಪ್ಲೇ ಎಂಬ ಬೀಗದ ಭರವಸೆಯ ಮೇಲೆ. ಆ ಹಾಡುಗಳನ್ನು ಆರಂಭದಲ್ಲಿ ಮೂರು ಕಂಪ್ಯೂಟರುಗಳಲ್ಲಿ, ಮರುವರ್ಷದಿಂದ ಐದರಲ್ಲಿ ಕೇಳಬಹುದಿತ್ತು. ಜೇಬಿನಲ್ಲಿಟ್ಟುಕೊಂಡು ಕೇಳಬೇಕಾದರೆ ಬಹುಮಟ್ಟಿಗೆ ಅದೇ ಕಂಪನಿಯ ಐಪಾಡ್ ಬೇಕಾಗಿತ್ತು. ಮೈಕ್ರೋಸಾಫ್ಟ್ ತನ್ನದೇ ಬೀಗವನ್ನು ಬೇರೆ ಬೇರೆ ತಯಾರಕರಿಗೆ ಒದಗಿಸಿ, ಖಂಡಿತ ಕೇಳಿಸುತ್ತದೆ ಎಂಬ ಅರ್ಥದ ಪ್ಲೇಸ್‌ಫಾರ್‌ಶೂರ್ ಎಂಬ ಮುದ್ರೆಯನ್ನು 2004ರಲ್ಲಿ ಹೊರತಂದಿತಾದರೂ, 2006ರಲ್ಲಿ ಅದೇ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಝೂನ್ ಎಂಬ ಸಾಧನದಲ್ಲಿ ಆ ಮುದ್ರೆಯ ಹಾಡುಗಳು ಕೇಳಿಸುತ್ತಿರಲಿಲ್ಲ. ಕ್ಯಾಸೆಟ್ಟನ್ನು ಯಾವ ಟೇಪ್ ರೆಕಾರ್ಡರಿಗಾದರೂ ಹಾಕಿ ಅಭ್ಯಾಸವಿದ್ದ ಸಾಮಾನ್ಯ ಬಳಕೆದಾರನಿಗೆ, ಒಂದು ಅಂಗಡಿಯಲ್ಲಿ ಕೊಂಡ ಹಾಡು ಇನ್ನೊಂದು ಕಂಪನಿಯ ಯಂತ್ರದಲ್ಲಿ ಮೂಕವಾಗುವುದು ಅರ್ಥವಾಗದ ಸಂಗತಿಯಾಗಿತ್ತು. ಇದೇ ಕಾರಣಕ್ಕೆ ನಾರ್ವೆಯ ಗ್ರಾಹಕ ಪರಿಷತ್ತು 2006ರಲ್ಲಿ ಐಟ್ಯೂನ್ಸ್ ಷರತ್ತುಗಳ ವಿರುದ್ಧ ದೂರು ಸಲ್ಲಿಸಿತು.

ಕನ್ನಡದಲ್ಲಿ ಬರೆಯುವವರಿಗೆ ಇಂಥ ತೊಡಕಿನ ಅನುಭವ ಇನ್ನೊಂದು ದಾರಿಯಲ್ಲಿ ಆಗಿದೆ. ಅಕ್ಷರಗಳ ಸಂಕೇತಕ್ಕೆ ಮಾನಕವಾದ ಯುನಿಕೋಡ್ ರೂಢಿಗೆ ಬರುವ ಮುನ್ನ ಒಂದು ತಂತ್ರಾಂಶದ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಲೇಖನ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸುತ್ತಿತ್ತು. ಬರೆದವರೇ ತಮ್ಮ ಬರಹವನ್ನು ಓದಲಾರದೆ ಪರಿವರ್ತಕ ತಂತ್ರಾಂಶವನ್ನು ಹುಡುಕಬೇಕಾಗುತ್ತಿತ್ತು. ಅಲ್ಲಿ ತೊಂದರೆಗೆ ಕಾರಣವಾದದ್ದು ಎಲ್ಲರೂ ಒಪ್ಪಿದ ಒಂದು ಮಾನಕದ ಅಭಾವ, ಆದ್ದರಿಂದ ಮಾನಕ ಬಂದ ಮೇಲೆ ಅದು ಬಹುಮಟ್ಟಿಗೆ ನೀಗಿತು. ಡಿ.ಆರ್.ಎಂ. ಇರುವ ಹಾಡಿನಲ್ಲಾದರೋ ಅದೇ ತೊಂದರೆಯನ್ನು ಬೇಕೆಂದೇ ಕಟ್ಟಿರುತ್ತಾರೆ, ಮತ್ತು ಪರಿವರ್ತಕವನ್ನು ತಯಾರಿಸಿದವರು ಅಮೆರಿಕದಂಥ ದೇಶಗಳಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.

ಬೀಗ ಹಾಡನ್ನು ದಾಟಿ ಕಂಪ್ಯೂಟರಿನೊಳಕ್ಕೇ ಕೈಹಾಕಿದರೆ ಏನಾಗುತ್ತದೆಂಬುದು 2005ರಲ್ಲಿ ಬಯಲಾಯಿತು. ಸೋನಿ ಬಿ.ಎಂ.ಜಿ. ಕಂಪನಿಯ ಕೆಲವು ಸಿ.ಡಿ.ಗಳನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದಾಗ ಎಕ್ಸ್.ಸಿ.ಪಿ. ಎಂಬ ತಂತ್ರಾಂಶ ಅದರಲ್ಲಿ ನೆಲೆಯೂರಿ, ತಾನಿರುವುದೇ ಯಾರಿಗೂ ಕಾಣದಂತೆ ತನ್ನನ್ನು ಮರೆಮಾಡಿಕೊಳ್ಳುತ್ತಿತ್ತೆಂದು ಮಾರ್ಕ್ ರಸಿನೋವಿಚ್ ಎಂಬ ತಂತ್ರಜ್ಞರು ಆ ವರ್ಷದ ಅಕ್ಟೋಬರ್ 31ರಂದು ಪ್ರಕಟಿಸಿದರು. ಹೀಗೆ ಕಾರ್ಯಾಚರಣ ವ್ಯವಸ್ಥೆಯ ತಳದಲ್ಲಿ ಕುಳಿತು ಅದರ ಕಣ್ಣಿಗೇ ಮಣ್ಣೆರಚುವ ತಂತ್ರಾಂಶವನ್ನು ರೂಟ್‌ಕಿಟ್ ಎನ್ನುತ್ತಾರೆ, ಮತ್ತು ಅದು ಸಾಮಾನ್ಯವಾಗಿ ಕಂಪ್ಯೂಟರುಗಳಿಗೆ ಕನ್ನ ಹಾಕುವವರ ಉಪಕರಣ. ಒಂದು ನಿರ್ದಿಷ್ಟ ಚಿಹ್ನೆಯಿಂದ ಆರಂಭವಾಗುವ ಹೆಸರಿನ ಎಲ್ಲ ಕಡತಗಳನ್ನೂ ಎಕ್ಸ್.ಸಿ.ಪಿ. ಮರೆಮಾಡುತ್ತಿದ್ದುದರಿಂದ ವೈರಸ್ ಬರೆಯುವವರೂ ಅದೇ ಮರೆಯಲ್ಲಿ ಅಡಗಬಹುದಿತ್ತು. ಕೆಲವೇ ದಿನಗಳಲ್ಲಿ ಹಾಗೆ ಅಡಗುವ ತಂತ್ರಾಂಶಗಳು ಕಾಣಿಸಿಕೊಂಡವು ಕೂಡ. ಒಟ್ಟು 52 ಆಲ್ಬಂಗಳಲ್ಲಿ ಎಕ್ಸ್.ಸಿ.ಪಿ. ಇತ್ತು, ಮತ್ತು ಕಂಪನಿಯೇ ತಿಳಿಸಿದಂತೆ ಅಂಗಡಿಗಳಿಗೆ ಕಳುಹಿಸಿದ್ದ ಸುಮಾರು 47 ಲಕ್ಷ ಸಿ.ಡಿ.ಗಳಲ್ಲಿ 21 ಲಕ್ಷದಷ್ಟು ಆಗಲೇ ಮಾರಾಟವಾಗಿದ್ದವು. ಉಳಿದವನ್ನು ಹಿಂದೆ ಪಡೆಯಲಾಯಿತು, ಮೊಕದ್ದಮೆಗಳು ನಡೆದವು, ಮತ್ತು 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನೊಂದಿಗೆ ಆದ ಇತ್ಯರ್ಥದಂತೆ, ಕಂಪ್ಯೂಟರ್ ಕೆಟ್ಟವರಿಗೆ ರಿಪೇರಿಗಾಗಿ 150 ಡಾಲರುಗಳವರೆಗೆ ಕೊಡಲು ಕಂಪನಿ ಒಪ್ಪಿತು. ಪುಕ್ಕಟೆಯಾಗಿ ಹಾಡು ಇಳಿಸಿಕೊಂಡವರ ಕಂಪ್ಯೂಟರುಗಳಿಗೆ ಈ ತೊಂದರೆ ತಟ್ಟಲಿಲ್ಲ. ಅಂಗಡಿಗೆ ಹೋಗಿ ಪೂರ್ತಿ ಬೆಲೆ ಕೊಟ್ಟು ತಂದವರಿಗೇ ತಟ್ಟಿತು.

ಇಷ್ಟು ಬಿಗಿಯಾದ ಬೀಗಗಳೂ ನಿಲ್ಲದಿರುವುದಕ್ಕೆ ಕಾರಣ ಅವುಗಳ ರಚನೆಯಲ್ಲೇ ಇದೆ. ಬ್ಯಾಂಕಿನ ವ್ಯವಹಾರದಲ್ಲಿ ಗೂಢಲಿಪಿಯನ್ನು ಬಳಸುವಾಗ ಕಳುಹಿಸುವವರೂ ಪಡೆಯುವವರೂ ಒಂದು ಪಕ್ಷ, ಕದ್ದು ಕೇಳುವವರು ಇನ್ನೊಂದು ಪಕ್ಷ. ಹಾಡಿನ ಬೀಗದಲ್ಲಿ ಪಡೆಯುವವರನ್ನೇ ಕಳ್ಳರೆಂದು ಭಾವಿಸಿ, ಅದೇ ಹೊತ್ತಿಗೆ ಅವರ ಯಂತ್ರದೊಳಗೇ ಕೀಲಿಕೈಯನ್ನು ಬಚ್ಚಿಡಬೇಕಾಗುತ್ತದೆ. ಮನೆಯೊಳಗಿರುವ ಕೀಲಿಕೈ ಹುಡುಕುವವರಿಗೆ ಎಂದಾದರೊಂದು ದಿನ ಸಿಕ್ಕೇ ಸಿಗುತ್ತದೆ, ಮತ್ತು ಜಗತ್ತಿನಲ್ಲಿ ಒಬ್ಬರಿಗೆ ಸಿಕ್ಕಿದರೂ ಬೀಗವಿಲ್ಲದ ಪ್ರತಿ ಎಲ್ಲೆಡೆ ಹರಡಲು ಅಷ್ಟೇ ಸಾಕು. ಕೀಲಿಕೈ ಸಿಗದಿದ್ದರೂ ಹಾಡು ಕೊನೆಗೆ ಗಾಳಿಯಲ್ಲಿ ಧ್ವನಿಯಾಗಿ ಹೊರಬರಲೇಬೇಕು, ಬಂದದ್ದನ್ನು ಮತ್ತೆ ಮುದ್ರಿಸಿಕೊಳ್ಳಬಹುದು. ಕೆಲವು ಬೀಗಗಳಿಗಂತೂ ಅಷ್ಟು ಶ್ರಮವೂ ಬೇಕಿರಲಿಲ್ಲ: 2003ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕ ಅಲೆಕ್ಸ್ ಹಾಲ್ಡರ್‌ಮನ್, ಮೀಡಿಯಾಮ್ಯಾಕ್ಸ್ ಎಂಬ ಬೀಗವಿದ್ದ ಸಿ.ಡಿ.ಯನ್ನು ಹಾಕುವಾಗ ಕೀಲಿಮಣೆಯ ಶಿಫ್ಟ್ ಗುಂಡಿಯನ್ನು ಒತ್ತಿ ಹಿಡಿದರೆ ಆ ಬೀಗ ಕೆಲಸವನ್ನೇ ಮಾಡುವುದಿಲ್ಲವೆಂದು ತೋರಿಸಿಕೊಟ್ಟಿದ್ದರು. ಅದನ್ನು ತಯಾರಿಸಿದ ಕಂಪನಿ ಮೊಕದ್ದಮೆಯ ಬೆದರಿಕೆ ಹಾಕಿ ಆಮೇಲೆ ಹಿಂದೆ ಸರಿಯಿತು.

ಬೀಗ ನಿಲ್ಲದೆಂಬುದನ್ನು ಬೀಗ ಮಾರಿದವರೇ ಕೊನೆಗೆ ಒಪ್ಪಿಕೊಂಡರು. 2007ರ ಫೆಬ್ರವರಿಯಲ್ಲಿ ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಪ್ರಕಟಿಸಿದ ಬಹಿರಂಗ ಪತ್ರದ ಪ್ರಕಾರ, ಹಿಂದಿನ ವರ್ಷ ಅಂತರಜಾಲದಲ್ಲಿ ಬೀಗದೊಂದಿಗೆ ಮಾರಾಟವಾದ ಹಾಡುಗಳು 200 ಕೋಟಿಗಿಂತ ಕಡಿಮೆ, ಅದೇ ವರ್ಷ ಬೀಗವಿಲ್ಲದೆ ಸಿ.ಡಿ.ಗಳಲ್ಲಿ ಮಾರಾಟವಾದ ಹಾಡುಗಳು 2,000 ಕೋಟಿಗಿಂತ ಹೆಚ್ಚು. ದೊಡ್ಡ ಬಾಗಿಲನ್ನು ತೆರೆದಿಟ್ಟು ಕಿಟಕಿಗೆ ಸರಳು ಹಾಕಿದಂತಿತ್ತು ಆ ವ್ಯವಸ್ಥೆ. 2007ರಲ್ಲೇ ಇ.ಎಂ.ಐ. ಕಂಪನಿ ಬೀಗವಿಲ್ಲದ ಹಾಡುಗಳನ್ನು ಮಾರಲು ಒಪ್ಪಿತು, ಅಮೆಜಾನ್ ಬೀಗವಿಲ್ಲದ ಎಂ.ಪಿ.3 ಮಳಿಗೆಯನ್ನು ತೆರೆಯಿತು, ಮತ್ತು 2009ರ ವೇಳೆಗೆ ಐಟ್ಯೂನ್ಸ್ ಹಾಡುಗಳಿಂದಲೂ ಬೀಗ ಹೋಯಿತು. ಆದರೆ ಅಷ್ಟರಲ್ಲಾಗಲೇ ಬೀಗ ಹಾಕಿದ ಹಾಡುಗಳನ್ನು ಕೊಂಡವರ ಪಾಡು ಬೇರೆಯಾಗಿತ್ತು. ಮೈಕ್ರೋಸಾಫ್ಟ್ ತನ್ನ ಎಂ.ಎಸ್.ಎನ್. ಮ್ಯೂಸಿಕ್ ಮಳಿಗೆಯನ್ನು 2006ರಲ್ಲಿ ನಿಲ್ಲಿಸಿ, ಕೀಲಿಕೈ ಕೊಡುವ ಸರ್ವರುಗಳನ್ನು 2008ರ ಆಗಸ್ಟ್ ಕೊನೆಗೆ ಮುಚ್ಚುವುದಾಗಿ ಪ್ರಕಟಿಸಿತು. ಅಂದರೆ ಅನಂತರ ಹೊಸ ಕಂಪ್ಯೂಟರ್ ಕೊಂಡವರಿಗೆ ಅದರಲ್ಲಿ ತಮ್ಮ ಹಳೆಯ ಹಾಡುಗಳನ್ನು ಕೇಳುವ ದಾರಿಯಿರಲಿಲ್ಲ. ಗ್ರಾಹಕರ ಸಿಟ್ಟಿನಿಂದಾಗಿ ಆ ಗಡುವು 2011ಕ್ಕೆ ಮುಂದೆ ಹೋಯಿತು. ಯಾಹೂ ಕೂಡ 2008ರಲ್ಲಿ ಹೀಗೆಯೇ ಮಾಡಹೊರಟು ಕೊನೆಗೆ ಕೂಪನ್ ಮತ್ತು ಪರಿಹಾರ ಕೊಡಲು ಒಪ್ಪಿತು.

ಹಾಡಿಗೆ ಬಂದ ಈ ಕಟ್ಟುಪಾಡು ತಂತ್ರಾಂಶದ ಲೋಕದಲ್ಲಿ ಅದಕ್ಕೂ ಮೊದಲೇ ಇತ್ತು. ಕಂಪ್ಯೂಟರಿನ ತಂತ್ರಾಂಶವನ್ನು ಕೊಂಡವರು ಅದರ ಒಡೆಯರಾಗುವುದಿಲ್ಲ. ಯಾರೂ ಪೂರ್ತಿಯಾಗಿ ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತುವ ಆ ಉದ್ದನೆಯ ಕರಾರುಪತ್ರದ ಪ್ರಕಾರ ಅವರಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. 2001ರ ವಿಂಡೋಸ್ ಎಕ್ಸ್.ಪಿ.ಯೊಂದಿಗೆ ಮನೆಯ ಬಳಕೆದಾರರೂ ತಮ್ಮ ಪ್ರತಿಯನ್ನು ಅಂತರಜಾಲದ ಅಥವಾ ದೂರವಾಣಿಯ ಮೂಲಕ ಕಂಪನಿಯಲ್ಲಿ ದೃಢಪಡಿಸಿಕೊಳ್ಳಬೇಕಾಯಿತು. 2013ರಲ್ಲಿ ಅಡೋಬಿ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ಕಟ್ಟುವವರಿಗಷ್ಟೇ ಕೊಡುವ ಕ್ರಮಕ್ಕೆ ಬದಲಾಯಿತು. ಇದಕ್ಕೆ ಎದುರಾಗಿ ನಿಂತದ್ದು, ಬಳಸುವ, ಅಭ್ಯಸಿಸುವ, ತಿದ್ದುವ ಮತ್ತು ಹಂಚುವ ನಾಲ್ಕು ಸ್ವಾತಂತ್ರ್ಯಗಳನ್ನು ಎಲ್ಲರಿಗೂ ಕೊಡುವ ಸ್ವತಂತ್ರ ತಂತ್ರಾಂಶ. ಆದರೆ ಅದನ್ನು ಆರಿಸಿಕೊಂಡವರಿಗೂ ಸಂಗೀತದ ವಿಷಯದಲ್ಲಿ ಅಡ್ಡಿ ತಪ್ಪಿರಲಿಲ್ಲ: ಎಂ.ಪಿ.3 ವಿಧಾನದ ಮೇಲೆ ಪೇಟೆಂಟ್ ಇದ್ದ ಕಾರಣ ರೆಡ್ ಹ್ಯಾಟ್ ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಯ 2002ರ 8.0 ಆವೃತ್ತಿಯಿಂದ ಆ ಕಡತಗಳನ್ನು ಕೇಳಿಸುವ ಸೌಲಭ್ಯವನ್ನೇ ತೆಗೆದುಹಾಕಬೇಕಾಯಿತು. ಪೇಟೆಂಟಿನ ಹಂಗಿಲ್ಲದೆ ಬಳಸಲೆಂದು ರೂಪಿಸಿದ ಆಗ್ ವಾರ್ಬಿಸ್ ಎಂಬ ವಿಧಾನ ಆ ಹೊತ್ತಿಗೆ ಸಿದ್ಧವಾಗಿತ್ತು, ಆದರೆ ಎಂ.ಪಿ.3 ಪರವಾನಗಿ ಶುಲ್ಕದ ವಸೂಲಿ ನಿಂತದ್ದು 2017ರಲ್ಲಿ.

ಭಾರತದಲ್ಲಿ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ 65ಎ ಎಂಬ ಹೊಸ ಕಲಮನ್ನು ಸೇರಿಸಿತು. ರಕ್ಷಣೆಗಾಗಿ ಅಳವಡಿಸಿದ ತಾಂತ್ರಿಕ ಬೀಗವನ್ನು ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದೆಂದು ಅದು ಹೇಳುತ್ತದೆ. ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಗಳಿಗೆ ಅದರಲ್ಲಿ ವಿನಾಯಿತಿಯಿದೆ. ಉದ್ದೇಶವನ್ನು ನೋಡಿ ಅಪರಾಧವನ್ನು ತೀರ್ಮಾನಿಸುವ ಈ ಕ್ರಮ ಅಮೆರಿಕದ ಶಾಸನಕ್ಕಿಂತ ಬಳಕೆದಾರನಿಗೆ ಹೆಚ್ಚು ನ್ಯಾಯ ಒದಗಿಸುವಂಥದು. ಅದೇ ವರ್ಷ ಬೆಂಗಳೂರಿನ ಫ್ಲಿಪ್‌ಕಾರ್ಟ್ ಫ್ಲೈಟ್ ಎಂಬ ಹೆಸರಿನಲ್ಲಿ ಬೀಗವಿಲ್ಲದ ಎಂ.ಪಿ.3 ಹಾಡುಗಳ ಮಳಿಗೆಯನ್ನು ಆರಂಭಿಸಿ 2013ರಲ್ಲಿ ಮುಚ್ಚಿತು. ಬೀಗವಿಲ್ಲದ ಕಾರಣ, ಇಳಿಸಿಟ್ಟುಕೊಂಡವರ ಹಾಡುಗಳು ಮಳಿಗೆಯೊಂದಿಗೆ ಮುಚ್ಚಿಹೋಗಲಿಲ್ಲ.

ಇಂದಿನ ಕೇಳುಗರಲ್ಲಿ ಹೆಚ್ಚಿನವರು ಹಾಡನ್ನು ಕೊಳ್ಳುವುದನ್ನೇ ಬಿಟ್ಟು ಸ್ಪಾಟಿಫೈ, ಜಿಯೋಸಾವನ್‌ಗಳಂಥ ಸೇವೆಗಳಲ್ಲಿ ಕೇಳುತ್ತಿದ್ದಾರೆ, ಮತ್ತು ಅಂಗಡಿಯಿಂದ ಹೋದ ಬೀಗ ಅಲ್ಲಿ ಸದ್ದಿಲ್ಲದೆ ಮರಳಿ ಬಂದಿದೆ. ಅಂಥ ಆ್ಯಪಿನೊಳಗೆ ಇಳಿಸಿಟ್ಟುಕೊಂಡ ಹಾಡು ಚಂದಾ ಮುಗಿದ ಮೇಲೆ ತೆರೆಯುವುದಿಲ್ಲ, ಬೇರೆ ಆ್ಯಪಿಗೆ ಹೋಗುವುದಿಲ್ಲ, ಮತ್ತು ಕಂಪನಿಗಳ ನಡುವಿನ ಕರಾರು ಮುರಿದರೆ ಒಂದು ಬೆಳಿಗ್ಗೆ ಪಟ್ಟಿಯಿಂದಲೇ ಮಾಯವಾಗುತ್ತದೆ. ಬಾಡಿಗೆಯನ್ನು ಬಾಡಿಗೆಯೆಂದೇ ಹೇಳಿ ಪಡೆಯುವುದರಲ್ಲಿ ಮೋಸವಿಲ್ಲ, ಕಡಿಮೆ ಹಣಕ್ಕೆ ಅಪಾರ ಸಂಗೀತ ಸಿಗುವುದೂ ನಿಜ. ಆಕ್ಷೇಪ ಇರಬೇಕಾದದ್ದು ಬಾಡಿಗೆಗೆ ಕೊಟ್ಟದ್ದನ್ನು ಮಾರಾಟವೆಂದು ಕರೆಯುವುದಕ್ಕೆ. ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಅಂಗೀಕರಿಸಿದ ಕಾನೂನು ಈ ಅಂಶವನ್ನೇ ಹಿಡಿದಿದೆ: ಕೊಡುವುದು ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ತಿಳಿಸದೆ, ಡಿಜಿಟಲ್ ಸರಕಿನ ಮುಂದೆ ಕೊಳ್ಳಿರಿ ಎಂಬ ಪದವನ್ನು ಬಳಸುವಂತಿಲ್ಲ, ಅಂತರಜಾಲದ ಸಂಪರ್ಕವಿಲ್ಲದೆಯೂ ಶಾಶ್ವತವಾಗಿ ಇಳಿಸಿಟ್ಟುಕೊಳ್ಳಬಹುದಾದ ಸರಕಿಗೆ ಈ ಕಟ್ಟು ಇಲ್ಲ.

ಸಿ. ಅಶ್ವಥ್ ಅವರ ದನಿಯಲ್ಲಿ ಶಿಶುನಾಳ ಷರೀಫರ ಹಾಡುಗಳು ಕನ್ನಡದ ಮನೆಗಳಿಗೆ ಬಂದದ್ದು ಕ್ಯಾಸೆಟ್ಟುಗಳಲ್ಲಿ, ಮತ್ತು ಅಂಥ ಕ್ಯಾಸೆಟ್ ಎಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ಇಂದಿಗೂ ಕೇಳಲು, ಕಂಪ್ಯೂಟರಿಗೆ ಇಳಿಸಿ ಕಾಪಾಡಲು ಒಂದು ಟೇಪ್ ರೆಕಾರ್ಡರ್ ಇದ್ದರೆ ಸಾಕು, ಯಾವ ಸರ್ವರಿನ ಅಪ್ಪಣೆಯೂ ಬೇಕಿಲ್ಲ. ಆದ್ದರಿಂದ ಹಾಡಿಗಾಗಲಿ ತಂತ್ರಾಂಶಕ್ಕಾಗಲಿ ಹಣ ಕೊಡುವ ಮುನ್ನ, ಮಾರುವ ಕಂಪನಿ ನಾಳೆ ಬಾಗಿಲು ಮುಚ್ಚಿದರೆ ಇದು ಕೆಲಸ ಮಾಡುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಮಾಡುವುದಿಲ್ಲವೆಂದಾದರೆ ಕೊಡುತ್ತಿರುವುದು ಬಾಡಿಗೆ, ಆ ಬೆಲೆ ಬಾಡಿಗೆಗೆ ತಕ್ಕಷ್ಟೇ ಇರಬೇಕು.