ಮುಲಾಮಿನ ಕಂಪನಿಗೆ ಜ್ಯೂಸ್ ಯಾಕೆ ಬೇಕಾಯ್ತು?

ಚೆನ್ನೈನ ಮೈಲಾಪೂರಿನಲ್ಲಿ, ಲಜ್ ಚರ್ಚ್ ರಸ್ತೆಯಲ್ಲಿ ಅಮೃತಾಂಜನ್ ಕಂಪನಿಯ ಕಚೇರಿಯಿದೆ. ಕಾಶೀನಾಥುನಿ ನಾಗೇಶ್ವರ ರಾವ್ 1893ರಲ್ಲಿ ಮುಂಬೈಯಲ್ಲಿ ಆ ಹಳದಿ ಮುಲಾಮನ್ನು ಮಾರಲು ಹೊರಟಾಗ ಕೊಳ್ಳುವವರೇ ಇರಲಿಲ್ಲ. ಸಂಗೀತ ಕಛೇರಿಗಳಲ್ಲಿ ಪುಕ್ಕಟೆ ಹಂಚಿ ರೂಢಿ ಹಿಡಿಸಿದರಂತೆ. 1914ರಲ್ಲಿ ವ್ಯಾಪಾರ ಮದ್ರಾಸಿಗೆ ಬಂತು. ಇವತ್ತಿನ ಮಾತಲ್ಲಿ ಹೇಳುವುದಾದರೆ ಅದೂ ಒಂದು ಸ್ಟಾರ್ಟಪ್ಪೇ.

ಆ ಕಂಪನಿ 2011ರಲ್ಲಿ ಸುಮಾರು 26 ಕೋಟಿ ರೂಪಾಯಿ ಕೊಟ್ಟು ‘ಫ್ರೂಟ್‌ನಿಕ್’ ಜ್ಯೂಸ್ ಮಾಡುತ್ತಿದ್ದ ಶಿವಾಸ್ ಸಾಫ್ಟ್ ಡ್ರಿಂಕ್ಸ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. ಸ್ವಂತಕ್ಕೇ ಜ್ಯೂಸ್ ಮಾಡಬಹುದಿತ್ತಲ್ಲ? ಮಾಡಬಹುದಿತ್ತು. ಆದರೆ ಹಣ್ಣಿನ ತಿರುಳು ಹುಳಿಯದಂತೆ ಕಾಯಿಸಿ ತುಂಬುವುದು, ರುಚಿ ಹದಕ್ಕೆ ತರುವುದು, ಪರವಾನಗಿ, ಬಾಟಲಿ, ಹೆಸರು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ಆ ವರ್ಷಗಳನ್ನು, ಆ ಎಡವಟ್ಟುಗಳನ್ನು ಚಿಕ್ಕ ಕಂಪನಿ ಆಗಲೇ ದಾಟಿರುತ್ತದೆ. ದೊಡ್ಡವರು ದುಡ್ಡು ಕೊಡುವುದು ಮುಖ್ಯವಾಗಿ ಅದಕ್ಕೆ. ತಾವೇ ಮಾಡಿ ಸೋತರೆ ಹೆಸರು ಕೆಡುತ್ತದೆ. ಗೆಲ್ಲುವವರೆಗೂ ನಿತ್ಯ ದುಡಿದು ತರುವ ಹಳೆಯ ಸರಕಿನ ಮುಂದೆ ಹೊಸದನ್ನು ಕೇಳುವವರಿರುವುದಿಲ್ಲ.

ಹಾಗಂತ ಕೊಂಡದ್ದೆಲ್ಲ ಸಲೀಸಾಗಿ ಒಗ್ಗುವುದಿಲ್ಲ. ಮುಲಾಮು ಮೆಡಿಕಲ್ ಶಾಪಿನ ಸರಕು, ಜ್ಯೂಸ್ ಬೇಕರಿಯ ಫ್ರಿಜ್ಜಿನದು. ಒಂದನ್ನು ಮುಟ್ಟಿಸುವ ಏಜೆಂಟನಿಗೆ ಇನ್ನೊಂದರ ಗಿರಾಕಿ ಗೊತ್ತಿಲ್ಲ. ಮುಂದೆ ಅಮೃತಾಂಜನ್ ‘ಎಲೆಕ್ಟ್ರೋ ಪ್ಲಸ್’ ಎಂಬ, ಸುಸ್ತಾದವರಿಗೆ ಲವಣಾಂಶ ಕೊಡುವ ಪಾನೀಯವನ್ನು ತಂದಿತು. ನನ್ನ ಲೆಕ್ಕದಲ್ಲಿ, ಕೊಂಡ ವ್ಯಾಪಾರ ಕೊಂಡವರ ಮೆಡಿಕಲ್ ಶಾಪಿನ ದಾರಿಗೆ ಸರಿಹೊಂದಿದ್ದು ಆಗಲೇ.

ಹೀಗೇ ದೊಡ್ಡ ಕಂಪನಿಯ ಪಾಲಾದ ನಮ್ಮ ಬೆಂಗಳೂರಿನ ‘ಸೋಲ್‌ಫುಲ್’ಗೆ ಈ ತೊಡಕು ಕಡಿಮೆ. ರಾಗಿಯನ್ನು ಮಕ್ಕಳು ಕಚ್ಚಿ ತಿನ್ನುವ ಗರಿಗರಿ ತಿಂಡಿಯಾಗಿಸಿದ ಕಂಪನಿ ಅದು. (ಮುದ್ದೆ ಕಂಡರೆ ಮೂಗು ಮುರಿಯುವ ಮಕ್ಕಳೂ ಇದಕ್ಕೆ ಕೈಚಾಚುತ್ತಾರೆ!) ಸರಕು ಚೆನ್ನಾಗಿತ್ತು, ಊರೂರಿನ ಅಂಗಡಿ ತಲುಪುವ ಕೈ ಇರಲಿಲ್ಲ. ಟಾಟಾ ಕನ್ಸ್ಯೂಮರ್‌ನ ಉಪ್ಪು, ಚಹಾ ಹೋಗದ ಕಿರಾಣಿ ಅಂಗಡಿ ಎಲ್ಲಿದೆ? 2021ರಲ್ಲಿ ಆ ಕಂಪನಿ 155.8 ಕೋಟಿ ರೂಪಾಯಿಗೆ ಸೋಲ್‌ಫುಲ್ಲನ್ನು ಕೊಂಡಿತು. ಅದನ್ನು ಕಟ್ಟಿದ ಪ್ರಶಾಂತ್ ಪರಮೇಶ್ವರನ್ ಅವರನ್ನು ಮಾತ್ರ ಮನೆಗೆ ಕಳಿಸಲಿಲ್ಲ. ಮುಖ್ಯಸ್ಥರಾಗಿ ಅಲ್ಲೇ ಉಳಿಸಿಕೊಂಡಿತು.